ಕವಲುಕಡ್ಡಿ ತೋರದ ಗೆರೆ

ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನಲ್ಲಿ ಈಗ ಎಲೆಗಿಂತ ಮೊದಲು ಹೂವಿನ ಕಾಲ. ಹಿತ್ತಿಲಲ್ಲಿ ಒಬ್ಬ ಹಿರಿಯರು ತಾಮ್ರದ ತಂತಿ ಹಿಡಿದು ಭೂಮಿಯ ಶಕ್ತಿರೇಖೆ ಹುಡುಕುತ್ತಾರೆ. ಅವರ ತಲೆಯ ಮೇಲೆಯೇ ಜೇನುಹುಳಗಳು ತಮ್ಮ ಗೆರೆ ಎಳೆಯುತ್ತಿವೆ. ಶಿರಾದ ಬೋರ್‌ವೆಲ್ ಪಾಯಿಂಟ್ ನೋಡಿ ಬೆಳೆದ ಕಣ್ಣಿಗೆ ಎರಡೂ ಬೇರೆಯೇ ಅರ್ಥ ಕೊಡುತ್ತವೆ.

ಹಿತ್ತಿಲ ಹುಲ್ಲಿನ ಮೇಲೆ ಅವರು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಎರಡೂ ಕೈಯಲ್ಲಿ ಎಲ್ ಆಕಾರಕ್ಕೆ ಬಗ್ಗಿಸಿದ ತಾಮ್ರದ ತಂತಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಿದ್ದರು. ಕಣ್ಣು ನೆಲದ ಮೇಲೂ ಇರಲಿಲ್ಲ, ತಂತಿಯ ಮೇಲೂ ಇರಲಿಲ್ಲ. ಸೇಬಿನ ಗಿಡ ದಾಟಿ ನಾಲ್ಕು ಹೆಜ್ಜೆ ಹೋದದ್ದೇ ತಡ, ನೇರಕ್ಕೆ ಚಾಚಿದ್ದ ತಂತಿಗಳು ಮೆಲ್ಲಗೆ ಒಳಕ್ಕೆ ತಿರುಗಿ ಕತ್ತರಿಯ ಹಾಗೆ ಒಂದರ ಮೇಲೊಂದು ಕೂತವು.

“ಇಲ್ಲಿ” ಎಂದರು. ನಾನು ಗೂಟ ನೆಟ್ಟೆ.

ಯುಗಾದಿ ಕಳೆದ ಮೇಲಿನ ಒಂದು ಶನಿವಾರ. ಊರಲ್ಲಾಗಿದ್ದರೆ ಹೊಂಗೆ ಮರದ ಕೆಳಗೆ ಹೂವು ಹಾಸಿ, ಮೇಲೆ ಝೇಂಕಾರ ತುಂಬಿ, ನಡುವೆ ಮಲಗಿದವರಿಗೆ ಮಧ್ಯಾಹ್ನದ ನಿದ್ದೆ ತಾನಾಗಿ ಬರುವ ಕಾಲ. ಇಲ್ಲಿ ಮೈಮೇಲೆ ಸ್ವೆಟರ್ ಇನ್ನೂ ಇದೆ. ಆದರೆ ಬೇಲಿಯ ಬ್ಲ್ಯಾಕ್‌ಥಾರ್ನ್ ಗಿಡ ಒಂದು ಎಲೆಯನ್ನೂ ಬಿಡದೆ ಕರಿ ಮುಳ್ಳಿನ ಕೊಂಬೆಯ ಉದ್ದಕ್ಕೂ ಬಿಳಿ ಹೂವನ್ನು ಸುರಿದುಕೊಂಡು ನಿಂತಿತ್ತು. ನಮ್ಮ ಮುತ್ತುಗ, ಬೂರುಗಗಳೂ ಹೀಗೇ ಎಲೆಯ ಹಂಗಿಲ್ಲದೆ ಹೂಬಿಡುತ್ತವೆ. ಬಣ್ಣ ಮಾತ್ರ ಬೇರೆ. ಅಲ್ಲಿ ಬೆಂಕಿ, ಇಲ್ಲಿ ಹಿಮ.

ನನ್ನ ನೆರೆಯ ಈ ಹಿರಿಯರು ನಿವೃತ್ತರು. ಹಿತ್ತಿಲಲ್ಲಿ ಎರಡು ಜೇನುಪೆಟ್ಟಿಗೆ ಸಾಕಿದ್ದಾರೆ. ಮೂರನೆಯದನ್ನು ಎಲ್ಲಿಡುವುದು ಎಂಬುದು ಆ ದಿನದ ಪ್ರಶ್ನೆ. ನೆಲದೊಳಗೆ ಶಕ್ತಿಯ ಗೆರೆಗಳು ಹರಿಯುತ್ತವೆ, ಅವು ಒಂದನ್ನೊಂದು ಕೂಡುವ ಜಾಗವನ್ನು ಜೇನು ಇಷ್ಟಪಡುತ್ತದೆ ಎಂದು ಹೀಗೆ ತಂತಿಯನ್ನೋ ಕವಲುಕಡ್ಡಿಯನ್ನೋ ಹಿಡಿದು ನಡೆಯುವವರು ನಂಬುತ್ತಾರೆ. ಮನುಷ್ಯ ಮಲಗಲು ಒಗ್ಗದ ಜಾಗ ಜೇನು, ಇರುವೆ, ಬೆಕ್ಕುಗಳಿಗೆ ಒಗ್ಗುತ್ತದೆ ಎಂಬುದು ಅವರ ಮಾತು. ಸಂಜೆಯ ಹೊತ್ತಿಗೆ ನಾನು ಏಳು ಗೂಟ ನೆಟ್ಟಿದ್ದೆ. ಅವು ಸೇಬಿನ ಗಿಡದಿಂದ ಹಳೇ ಹೇಝಲ್ ಪೊದೆಯವರೆಗೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಂತಿದ್ದವು.

ನಾನು ನಗಲಿಲ್ಲ. ನನ್ನ ಅಪ್ಪ ಹೀಗೆಯೇ ಒಬ್ಬರ ಹಿಂದೆ ಗೂಟ ಹಿಡಿದು ನಡೆದದ್ದನ್ನು ನೋಡಿ ಬೆಳೆದವನು ನಾನು.

ಮದ್ದಿನ ಊರಲ್ಲಿ ಹೂವು

ಬ್ಯಾಲಿನ್‌ಕೊಲಿಗ್ ಇರುವುದು ಕಾರ್ಕ್ ನಗರದ ಪಶ್ಚಿಮಕ್ಕೆ, ಲೀ ನದಿಯ ದಂಡೆಯಲ್ಲಿ. 2019ರ ಮೇ 31ರಂದು ಕಾರ್ಕ್ ನಗರದ ಗಡಿ ಹಿಗ್ಗಿದಾಗ ಇದೂ ನಗರದೊಳಗೆ ಸೇರಿತು. ಸಾಫ್ಟ್‌ವೇರ್ ಕಚೇರಿಗಳ ದೆಸೆಯಿಂದ ಇಲ್ಲಿನ ಸೂಪರ್‌ಮಾರ್ಕೆಟ್ ಸಾಲಿನಲ್ಲಿ ನಿಂತರೆ ಒಮ್ಮೊಮ್ಮೆ ಹಿಂದಿನಿಂದ ಕನ್ನಡ ಕೇಳುತ್ತದೆ.

ಊರನ್ನು ಊರು ಮಾಡಿದ್ದು ಮಾತ್ರ ಕೋವಿಮದ್ದು. 1794ರಲ್ಲಿ ಚಾರ್ಲ್ಸ್ ಹೆನ್ರಿ ಲೆಸ್ಲಿ ಎಂಬ ವ್ಯಾಪಾರಿ ಇಲ್ಲಿ ಮದ್ದಿನ ಗಿರಣಿ ತೆರೆದ. ಶ್ರೀರಂಗಪಟ್ಟಣ ಬೀಳಲು ಇನ್ನೂ ಐದು ವರ್ಷವಿತ್ತು. 1805ರಲ್ಲಿ ಬ್ರಿಟಿಷ್ ಸೈನ್ಯಾಡಳಿತ ಅದನ್ನು ಕೊಂಡಿತು. ಗಂಧಕ, ಇದ್ದಿಲು, ಪೆಟ್ಲುಪ್ಪು ಈ ಮೂರೂ ಸೇರಿದರೆ ಮದ್ದು. ಆ ಕಾಲದ ಬ್ರಿಟಿಷ್ ಮದ್ದಿಗೆ ಬೇಕಾದ ಪೆಟ್ಲುಪ್ಪಿನ ಬಹುಪಾಲು ಬಂದದ್ದು ಬಂಗಾಳ, ಬಿಹಾರಗಳ ನೆಲದಿಂದ. ಇದ್ದಿಲಿಗೆ ವಿಲ್ಲೋ, ಆಲ್ಡರ್‌ನಂಥ ಮೆದು ಮರಗಳೇ ಆಗಬೇಕಿತ್ತು.

1903ರಲ್ಲಿ ಗಿರಣಿ ಮುಚ್ಚಿತು. ಇಂದು ಅದೇ ಜಾಗ ಪ್ರಾದೇಶಿಕ ಉದ್ಯಾನ. ಕಾಲುವೆಗಳಿವೆ, ಪಾಚಿಗಟ್ಟಿದ ದಪ್ಪ ಗೋಡೆಗಳಿವೆ, ಬೀಸುಕಲ್ಲುಗಳಿವೆ. ಕಾಲುವೆಯ ಬದಿಯಲ್ಲಿ ವಿಲ್ಲೋ ಮರಗಳೂ ಇವೆ. ಮಾರ್ಚಿ ತಿಂಗಳಲ್ಲಿ ಅವುಗಳ ಬೆಳ್ಳಿ ಮೊಗ್ಗು ಒಡೆದು ಹಳದಿ ಪರಾಗ ಹೊರಬಂದಾಗ ಗೂಡಿನ ಮರಿಗಳಿಗೆ ಸಿಗುವ ಮೊದಲ ತುಂಬು ಊಟ ಅದು. ಒಂದು ಕಾಲಕ್ಕೆ ತೋಪಿನ ಹೊಟ್ಟೆ ಸೇರುತ್ತಿದ್ದ ಜಾತಿಯ ಮರದ ಕೆಳಗೆ ನಿಂತು ಹುಳಗಳ ಸದ್ದು ಕೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಇಲ್ಲಿನ ಹೂವಿನ ಪಂಚಾಂಗ ಹೀಗೆ ಸಾಗುತ್ತದೆ. ಜನವರಿ ಕೊನೆಗೆ ಹೇಝಲ್ ಪೊದೆಯ ಜೋಲುವ ಕುಚ್ಚು. ಆಮೇಲೆ ವಿಲ್ಲೋ. ಮುಳ್ಳು ಗಾರ್ಸ್ ಗಿಡಕ್ಕೆ ಕಾಲವೇ ಇಲ್ಲ, ಗುಡ್ಡಗಳನ್ನು ಹಳದಿಯಾಗಿಸಿಕೊಂಡೇ ಇರುತ್ತದೆ. ಮಾರ್ಚಿ-ಏಪ್ರಿಲ್‌ಗೆ ಬ್ಲ್ಯಾಕ್‌ಥಾರ್ನ್ ಮತ್ತು ಹುಲ್ಲಿನ ನಡುವೆ ಚಿನ್ನದ ಕಾಸಿನಂಥ ಡ್ಯಾಂಡೆಲಿಯನ್. ಏಪ್ರಿಲ್ ಕೊನೆಗೆ ಸೇಬು. ಮೇ ಬಂದಾಗ ಹಾಥಾರ್ನ್.

ಜೇನುಹುಳ ಹೊರಬೀಳಬೇಕಾದರೆ ಸುಮಾರು 10 ಡಿಗ್ರಿ ಬಿಸುಪಾದರೂ ಬೇಕು. ಐರ್ಲೆಂಡಿನ ವಸಂತದಲ್ಲಿ ಅದು ದಿನಕ್ಕೆ ಮೂರು ತಾಸೋ ನಾಲ್ಕು ತಾಸೋ. ಮೋಡ ಸರಿದು ಬಿಸಿಲು ಬಿದ್ದ ಗಳಿಗೆಗೆ ಪೆಟ್ಟಿಗೆಯ ಬಾಯಿ ಸಂತೆಯಾಗುತ್ತದೆ. ಮತ್ತೆ ಮೋಡ ಕವಿದರೆ ಐದೇ ನಿಮಿಷದಲ್ಲಿ ನಿಶ್ಶಬ್ದ.

> ದ್ವೀಪದ ಜೇನು ಲೆಕ್ಕ
>
> ಐರ್ಲೆಂಡಿನಲ್ಲಿ ಜೇನು ಬಳಗದ ಪ್ರಭೇದಗಳು ನೂರರ ಆಸುಪಾಸು. ಅದರಲ್ಲಿ ಜೇನು ಕೂಡಿಡುವ ಹುಳ ಒಂದೇ ಒಂದು. ಸುಮಾರು 20 ಬಂಬಲ್‌ಬೀ ದುಂಬಿಗಳು. ಉಳಿದವೆಲ್ಲ ಒಂಟಿಯಾಗಿ ಬಾಳುವ ಹುಳಗಳು.
>
> ಮೂರರಲ್ಲಿ ಒಂದು ಪ್ರಭೇದ ಅಳಿವಿನ ಭಯದಲ್ಲಿದೆ. 2015ರಲ್ಲಿ ಇಡೀ ದ್ವೀಪಕ್ಕೆ ಅನ್ವಯಿಸುವ ಪರಾಗಸ್ಪರ್ಶಿಗಳ ಯೋಜನೆ ಶುರುವಾಯಿತು. ಅದು ಜನರನ್ನು ಬೇಡುವುದು ಸುಲಭದ್ದೇ: ಹುಲ್ಲು ಕತ್ತರಿಸಲು ಅವಸರ ಮಾಡಬೇಡಿ, ಡ್ಯಾಂಡೆಲಿಯನ್ ಅರಳಲಿ.
>
> ಮಾರ್ಚಿ 1ರಿಂದ ಆಗಸ್ಟ್ 31ರವರೆಗೆ ಬೇಲಿಸಾಲು ಕಡಿಯುವುದಕ್ಕೆ ಕಾನೂನಿನ ನಿರ್ಬಂಧವಿದೆ.
>
> ವರೋವಾ ಉಣ್ಣೆ ದ್ವೀಪಕ್ಕೆ ಕಾಲಿಟ್ಟದ್ದು 1998ರಲ್ಲಿ. ಜೇನನ್ನು ಬೇಟೆಯಾಡುವ ಏಷ್ಯದ ಕಡಜ 2025ರ ಬೇಸಿಗೆಯಲ್ಲಿ ಕಾರ್ಕ್ ಭಾಗದಲ್ಲೇ ಕಾಣಿಸಿತು.

ಜೇನಿನ ತಾಯಿ

ಇಲ್ಲಿಂದ ಪಶ್ಚಿಮಕ್ಕೆ ಕಿಲಾರ್ನಿ ರಸ್ತೆ ಹಿಡಿದರೆ ಬ್ಯಾಲಿವೂರ್ನಿ ಎಂಬ ಊರು ಸಿಗುತ್ತದೆ. ಅಲ್ಲಿ ಸಂತ ಗೋಬ್ನಾಟ್ ಇದ್ದಾಳೆ. ಜೇನುಹುಳಗಳಿಗೂ ಸಾಕುವವರಿಗೂ ಅವಳೇ ಕಾವಲು. ಒಂಬತ್ತು ಬಿಳಿ ಜಿಂಕೆ ಕಂಡಲ್ಲಿ ನೆಲೆಸು ಎಂಬ ಮಾತು ಕೇಳಿ ಹೊರಟವಳು, ಬ್ಯಾಲಿವೂರ್ನಿಯಲ್ಲಿ ಅವನ್ನು ಕಂಡು ನಿಂತಳಂತೆ. ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರ ಮೇಲೆ ತನ್ನ ಜೇನುಹುಳಗಳನ್ನು ಎಬ್ಬಿಸಿ ಬಿಟ್ಟಳಂತೆ. ಹೆಜ್ಜೇನು ಎದ್ದರೆ ಏನಾಗುತ್ತದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಫೆಬ್ರವರಿ 11 ಅವಳ ಹಬ್ಬ. ಆ ದಿನ ಜನ ರಿಬ್ಬನ್ ತಂದು ಅವಳ ಹಳೆಯ ಮರದ ವಿಗ್ರಹಕ್ಕೆ ಉದ್ದಕ್ಕೂ ಸುತ್ತಲೂ ಅಳತೆ ಹಿಡಿದು, ಆ ಅಳತೆಯನ್ನು ಮನೆಗೆ ಒಯ್ಯುತ್ತಾರೆ. ಕಾಯಿಲೆ ಬಿದ್ದವರಿಗೆ ಅದನ್ನು ಕಟ್ಟುತ್ತಾರೆ. ದರ್ಗಾದ ದಾರ, ಗುಡಿಯ ಕಂಕಣ ಕಂಡ ನನಗೆ ಅದು ಪರದೇಶದ ಆಚರಣೆ ಎನ್ನಿಸಲೇ ಇಲ್ಲ. ಬ್ಯಾಲಿವೂರ್ನಿಯ ಬಯಲಲ್ಲಿ ಶಿಲ್ಪಿ ಷೇಮಸ್ ಮರ್ಫಿ 1950ರ ಸುಮಾರಿಗೆ ಕಡೆದ ಕಲ್ಲಿನ ಗೋಬ್ನಾಟ್ ಕೂಡ ಜೇನುಗೂಡಿನ ಮೇಲೆಯೇ ನಿಂತಿದ್ದಾಳೆ.

ಅವಳನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಬ್ಯಾಲಿನ್‌ಕೊಲಿಗ್‌ನಿಂದ 220ನೇ ನಂಬರಿನ ಬಸ್ಸು ಹತ್ತಿ ಕಾರ್ಕ್ ವಿಶ್ವವಿದ್ಯಾಲಯದ ಬಳಿ ಇಳಿದರೆ ಅಲ್ಲಿನ ಹೋನನ್ ಚಾಪೆಲ್‌ನಲ್ಲಿ ಒಂದು ಕಿಟಕಿಯಿದೆ. 1916ರಲ್ಲಿ ಪ್ರತಿಷ್ಠೆಯಾದ ಆ ಪುಟ್ಟ ಚರ್ಚಿಗೆ ಹ್ಯಾರಿ ಕ್ಲಾರ್ಕ್ ಎಂಬ ಇಪ್ಪತ್ತರ ಹರೆಯದ ಕಲಾವಿದ ಹನ್ನೊಂದು ಬಣ್ಣದ ಗಾಜಿನ ಕಿಟಕಿ ಮಾಡಿಕೊಟ್ಟ. ಅವುಗಳಲ್ಲಿ ಒಂದು ಗೋಬ್ನಾಟಳದು. ಕಡುನೀಲಿ ಉಡುಗೆ, ಬಿಳಿಚಿದ ಮುಖ, ಸುತ್ತ ಜೇನುಹುಳಗಳು. ಮಧ್ಯಾಹ್ನದ ಬಿಸಿಲು ಹಾಯುವಾಗ ಆ ನೀಲಿಯ ಮುಂದೆ ನಾನು ಎಷ್ಟೋ ಊಟದ ವಿರಾಮಗಳನ್ನು ಕಳೆದಿದ್ದೇನೆ.

ಈ ನಾಡಿಗೆ ಜೇನು ಬರೀ ಭಕ್ತಿಯ ವಿಷಯವಾಗಿರಲಿಲ್ಲ, ನ್ಯಾಯದ ವಿಷಯವೂ ಆಗಿತ್ತು. ಏಳನೇ ಶತಮಾನದ ಐರಿಷ್ ಕಾನೂನುಗಳಲ್ಲಿ ‘ಬೆಕ್‌ಬ್ರೆಹಾ’ ಎಂಬ ಪೂರ್ತಿ ಗ್ರಂಥವೇ ಜೇನಿನದು. ನಿಮ್ಮ ಹುಳ ನನ್ನ ಹೊಲದ ಹೂವಿಗೆ ಬಂದರೆ ಅದು ನಿಮ್ಮ ದನ ನನ್ನ ಹೊಲ ಮೇದ ಹಾಗೆ. ಸಾಕುವವನಿಗೆ ಮೂರು ವರ್ಷ ರಿಯಾಯಿತಿ. ಆಮೇಲೆ ಹೊಸ ಹಿಂಡು ಎದ್ದಾಗ ಅಕ್ಕಪಕ್ಕದ ಹೊಲದವರಿಗೂ ಪಾಲು ಕೊಡಬೇಕು. ಜೇನು ಎಳೆಯುವ ಕಾಣದ ಗೆರೆಗಳು ಬೇಲಿ ದಾಟುತ್ತವೆ ಎಂಬುದನ್ನು ಒಪ್ಪಿಕೊಂಡು, ಅದರ ಮೇಲೆ ನೆರೆಹೊರೆಯ ಋಣವನ್ನು ಕಟ್ಟಿದವರು ಇವರು. ಹದಿಮೂರು ಶತಮಾನದ ಹಿಂದೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರ ಬಗ್ಗೆ ನನಗೆ ಅಪಾರ ಗೌರವ.

ಗೆರೆ ಎಂಬ ನಂಬಿಕೆ

ಹಿರಿಯರ ತಾಮ್ರದ ತಂತಿಗೆ ಮರಳುತ್ತೇನೆ.

ಕಾಣದ ದಾರಿಗಳು ಐರ್ಲೆಂಡಿಗೆ ಹೊಸದಲ್ಲ. ಇಲ್ಲಿ ‘ಒಳ್ಳೆಯವರು’ ಎಂದು ಮರ್ಯಾದೆಯಿಂದ ಕರೆಸಿಕೊಳ್ಳುವ ಯಕ್ಷಗಣದ ಓಡಾಟಕ್ಕೆ ದಾರಿಗಳಿವೆ. ಅದರ ಮೇಲೆ ಮನೆ ಕಟ್ಟಿದರೆ ಏಳಿಗೆಯಿಲ್ಲ. ಪಾಯ ತೋಡುವ ಮುಂಚೆ ನಿವೇಶನದ ನಾಲ್ಕು ಮೂಲೆಗೆ ನಾಲ್ಕು ಹೇಝಲ್ ಕಡ್ಡಿ ನೆಟ್ಟು ಒಂದು ರಾತ್ರಿ ಬಿಡುತ್ತಿದ್ದರಂತೆ. ಬೆಳಗ್ಗೆ ಕಡ್ಡಿ ಅಲುಗದಿದ್ದರೆ ಒಪ್ಪಿಗೆ. ವಾಸ್ತು ಕೇಳಿ ಬಾಗಿಲು ತಿರುಗಿಸುವ ನಾಡಿನಿಂದ ಬಂದವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ.

ಒಂಟಿ ಹಾಥಾರ್ನ್ ಗಿಡವೂ ಆ ‘ಒಳ್ಳೆಯವರ’ದೇ. ಅದನ್ನು ಕಡಿಯಬಾರದು, ಅದರ ಹೂವನ್ನು ಮನೆಯೊಳಗೆ ತರಬಾರದು. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನ್ ಎಂಬಲ್ಲಿ ಹೆದ್ದಾರಿಗೆ ಅಡ್ಡ ಬಂದ ಇಂಥ ಒಂದು ಗಿಡಕ್ಕಾಗಿ ಕತೆಗಾರ ಎಡ್ಡಿ ಲೆನಿಹನ್ ದನಿ ಎತ್ತಿದರು. ಗಿಡ ಉಳಿಯಿತು. ಹೆದ್ದಾರಿಯ ಪಕ್ಕದಲ್ಲಿ ಅದು ಈಗಲೂ ಮೇ ತಿಂಗಳಲ್ಲಿ ಹೂಬಿಡುತ್ತದೆ. ಹುಳಗಳಿಗೆ ಬೇಕಾದ್ದು ಆ ಹೂವು. ನಂಬಿಕೆ ಉಳಿಸಿಕೊಟ್ಟ ಹೂವನ್ನು ಜೇನು ಉಣ್ಣುತ್ತಿದೆ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

‘ಶಕ್ತಿರೇಖೆ’ ಎಂಬ ಮಾತು ಮಾತ್ರ ತೀರಾ ಈಚಿನದು. ಇಂಗ್ಲೆಂಡಿನ ಹೆರಿಫರ್ಡ್‌ನ ಆಲ್‌ಫ್ರೆಡ್ ವಾಟ್‌ಕಿನ್ಸ್ 1921ರಲ್ಲಿ ಗುಡ್ಡ, ನಿಂತ ಕಲ್ಲು, ಹಳೇ ಚರ್ಚುಗಳು ನಕ್ಷೆಯಲ್ಲಿ ಒಂದೇ ಸಾಲಿಗೆ ಬರುತ್ತವೆ ಎಂದು ಗಮನಿಸಿದ. ಅವು ಪ್ರಾಚೀನರ ಕಾಲುದಾರಿಗಳೆಂದು ಭಾವಿಸಿ 1925ರಲ್ಲಿ ಪುಸ್ತಕ ಬರೆದ. ಅವನ ಗೆರೆಯಲ್ಲಿ ಶಕ್ತಿಯ ಮಾತಿರಲಿಲ್ಲ, ಉಪ್ಪು ಹೊತ್ತ ವ್ಯಾಪಾರಿಗಳ ಹೆಜ್ಜೆಯಿತ್ತು. 1960ರ ದಶಕದ ಕೊನೆಗೆ ಜಾನ್ ಮಿಚೆಲ್‌ನಂಥವರು ಅದರೊಳಗೆ ಭೂಮಿಯ ಶಕ್ತಿಯನ್ನು ಹರಿಸಿದರು. ನೀರು ನೋಡುವ ಕಡ್ಡಿ ಆ ಮೇಲೆ ಶಕ್ತಿ ನೋಡಲು ಹೊರಟಿತು.

ಕಡ್ಡಿಗೆ ವಯಸ್ಸು ಹೆಚ್ಚು. 1556ರಲ್ಲಿ ಅಚ್ಚಾದ ಜರ್ಮನ್ ಪಂಡಿತ ಅಗ್ರಿಕೋಲಾನ ಗಣಿಗಾರಿಕೆ ಗ್ರಂಥದ ಚಿತ್ರದಲ್ಲಿ ಕವಲುಕಡ್ಡಿ ಹಿಡಿದವರು ಬೆಟ್ಟ ಸುತ್ತುತ್ತಿದ್ದಾರೆ. ಅಗ್ರಿಕೋಲಾ ಅದನ್ನು ನಂಬಲಿಲ್ಲ. ಒಳ್ಳೆಯ ಗಣಿಗಾರ ನೆಲದ ಗುರುತುಗಳನ್ನು ಓದಲಿ ಎಂದ.

ಡಬ್ಲಿನ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಬ್ಯಾರೆಟ್ ನಂಬಿದ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನೂರಾರು ನಿದರ್ಶನ ಕೂಡಿಹಾಕಿ ದಪ್ಪ ವರದಿಗಳನ್ನು ಬರೆದ. ಆದರೆ ಅವನೂ ಒಂದು ಮಾತನ್ನು ಬಿಟ್ಟುಕೊಡಲಿಲ್ಲ: ಕಡ್ಡಿಯನ್ನು ತಿರುಗಿಸುವುದು ಹಿಡಿದವನ ಸ್ನಾಯು, ಅದು ಅವನಿಗೇ ತಿಳಿಯುವುದಿಲ್ಲ. ಇದೇ ಸಂಗತಿಯನ್ನು 1833ರಲ್ಲಿ ಫ್ರಾನ್ಸಿನ ಷೆವ್ರೂಲ್ ತೂಗುಗುಂಡಿನ ಮೇಲೆ ತೋರಿಸಿದ್ದ. 1852ರಲ್ಲಿ ವಿಲಿಯಂ ಕಾರ್ಪೆಂಟರ್ ಅದಕ್ಕೊಂದು ಹೆಸರು ಕೊಟ್ಟ. ಮನಸ್ಸು ಎಣಿಸಿದ್ದನ್ನು ಕೈ ಗುಟ್ಟಾಗಿ ಮಾಡಿಬಿಡುತ್ತದೆ. ಎಲ್ ಆಕಾರದ ತಂತಿಯಂತೂ ಮುಂಗೈ ಎಳ್ಳಷ್ಟು ವಾಲಿದರೂ ಅರ್ಧ ಸುತ್ತು ತಿರುಗುತ್ತದೆ.

ದೊಡ್ಡ ಪರೀಕ್ಷೆ ನಡೆದದ್ದು 1987-88ರಲ್ಲಿ ಮ್ಯೂನಿಕ್ ಬಳಿಯ ಒಂದು ಕಣಜದಲ್ಲಿ. ಕೆಳಗಿನ ಅಂಕಣದಲ್ಲಿ ನೀರಿನ ಕೊಳವೆಯನ್ನು ಅತ್ತಿತ್ತ ಸರಿಸುತ್ತಿದ್ದರು. ಮೇಲಂತಸ್ತಿನಲ್ಲಿ ಕಡ್ಡಿ ಹಿಡಿದವರು ಅದು ಎಲ್ಲಿದೆ ಎಂದು ಹೇಳಬೇಕು. ಸುಮಾರು 500 ಮಂದಿಯಿಂದ ಆರಿಸಿದ 43 ಜನ, 843 ಸರದಿ. ಕೆಲವರಿಗಾದರೂ ಆ ಶಕ್ತಿ ಇದೆ ಎಂದು ನಡೆಸಿದವರು ಬರೆದರು. 1999ರಲ್ಲಿ ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಅದೇ ಅಂಕಿಗಳನ್ನು ಬಿಡಿಸಿ ನೋಡಿದಾಗ ಊಹೆಗಿಂತ ಮಿಗಿಲಾದದ್ದು ಕಾಣಲಿಲ್ಲ. ಒಂದು ದಿನ ಸರಿ ಹೇಳಿದವರು ಮರುದಿನ ತಪ್ಪಿದ್ದರು.

> ಸಾವಿರ ವರ್ಷದ ಕನ್ನಡ ನೀರು
>
> ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಕ್ರಿ.ಶ. 1025ರ ಕನ್ನಡ ಕೃತಿ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ, ಇವನು ಕಲ್ಯಾಣ ಚಾಳುಕ್ಯರ ಕಾಲದವನು. ಅಡುಗೆ, ಮನೆ ಕಟ್ಟುವುದು, ಗಿಡ ಸಾಕುವುದು, ಸುಗಂಧದ ಜೊತೆಗೆ ನೆಲದಡಿಯ ನೀರು ಗುರುತಿಸುವುದಕ್ಕೂ ಇದರಲ್ಲಿ ಒಂದು ಅಧ್ಯಾಯವಿದೆ.
>
> ಆರನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲೂ ಇದೇ ವಿಷಯದ ಅಧ್ಯಾಯವುಂಟು. ಅದು ಆಶ್ರಯಿಸುವುದು ಮರ, ಹುತ್ತ, ಮಣ್ಣಿನ ಬಣ್ಣಗಳ ಗುರುತುಗಳನ್ನು.

ಮೂರು ಪಾಯಿಂಟ್

ನಮ್ಮೂರು ಶಿರಾ ತಾಲ್ಲೂಕಿನಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಬಾವಿ ಬತ್ತಿತು. ಅಪ್ಪ ಪಾಯಿಂಟ್ ನೋಡುವವರೊಬ್ಬರನ್ನು ಕರೆಸಿದರು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದುದ್ದ ನಡೆದರು. ಬದುವಿನ ಬೇವಿನ ಮರದ ಹತ್ತಿರ ಕಾಯಿ ಎದ್ದು ನಿಂತಿತು. ಅಪ್ಪ ಗೂಟ ಹೊಡೆದರು. ಅಮ್ಮ ಅರಿಶಿನ-ಕುಂಕುಮ ಇಟ್ಟಳು.

ಬೋರ್ ಲಾರಿ ಬಂದು ರಾತ್ರಿಯಿಡೀ ಕೊರೆಯಿತು. ಬೆಳಗಿನ ಜಾವಕ್ಕೆ ಬಂದದ್ದು ಬೂದಿಯಂಥ ಧೂಳು. ಎರಡನೆಯ ಪಾಯಿಂಟಿಗೂ ಧೂಳು. ಮೂರನೆಯದಕ್ಕೆ ಎರಡಿಂಚು ನೀರು ಬಿತ್ತು. ಅಪ್ಪ ಆ ನೀರಿನಲ್ಲೇ ಮುಖ ತೊಳೆದುಕೊಂಡು ಅತ್ತದ್ದು ನನಗೆ ನೆನಪಿದೆ. ನಾಲ್ಕು ವರ್ಷ ಅಡಿಕೆ ಸಸಿಗಳು ಉಳಿದವು. ಆಮೇಲೆ ಅದೂ ನಿಂತಿತು. ಸಾಲ ತೀರಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ.

ಕಾಯಿ ಹಿಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸುಳ್ಳು ಹೇಳುವ ಮನುಷ್ಯರಾಗಿರಲಿಲ್ಲ. ಸಿಟ್ಟು ಇರುವುದು, ಆ ಹೊತ್ತಿನಲ್ಲಿ ಅಪ್ಪನಿಗೆ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲವಲ್ಲ ಎಂಬುದರ ಮೇಲೆ. ನಮ್ಮ ಬಯಲುಸೀಮೆಯ ಕೆಳಗಿರುವುದು ಗಟ್ಟಿ ಬಂಡೆ. ನೀರು ಇದ್ದರೆ ಅದರ ಬಿರುಕುಗಳಲ್ಲಿ ಇರಬೇಕು. ಬಿರುಕು ತಪ್ಪಿದರೆ ಗೇಣು ಪಕ್ಕದಲ್ಲೂ ಧೂಳೇ.

ಕಾರ್ಕ್‌ನಲ್ಲಿ ವರ್ಷಕ್ಕೆ 1,200 ಮಿಲಿಮೀಟರಿನ ಆಚೀಚೆ ಮಳೆ, ಅದೂ ವರ್ಷವಿಡೀ ಹಂಚಿಕೊಂಡು. ಇಂಥ ಒದ್ದೆ ನೆಲದಲ್ಲಿ ಕಡ್ಡಿ ಎಲ್ಲಿ ಬಾಗಿದರೂ ತೋಡಿದವರಿಗೆ ನೀರು ಸಿಗುವ ಸಂಭವ ಹೆಚ್ಚು. ಇಲ್ಲಿ ಕಡ್ಡಿಯ ಮರ್ಯಾದೆ ಉಳಿದಿರುವುದಕ್ಕೆ ಮಳೆಯೂ ಕಾರಣ ಎಂದು ನನ್ನ ಲೆಕ್ಕ. ನಮ್ಮಲ್ಲಿ ಅದೇ ಕಡ್ಡಿ ಬಾಗಿದರೆ ಒಂದು ಮನೆ ಮುಳುಗಬಹುದು.

ಇದನ್ನೆಲ್ಲ ನಾನು ಹಿರಿಯರಿಗೆ ಚಹಾ ಕುಡಿಯುತ್ತ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕುತ್ತಿಗೆಯ ಮಫ್ಲರ್ ಬಿಚ್ಚಿ ನನ್ನ ಕೈಗಿಟ್ಟು, “ಕಣ್ಣಿಗೆ ಕಟ್ಟು” ಎಂದರು.

ಗೂಟಗಳನ್ನು ಕಿತ್ತೆ. ಅವು ಇದ್ದ ಜಾಗಕ್ಕೆ ಹುಲ್ಲಿನೊಳಗೆ ಒಂದೊಂದು ನಾಣ್ಯ ಮುಚ್ಚಿಟ್ಟೆ. ಅವರ ತೋಳು ಹಿಡಿದು ಎರಡು ಸುತ್ತು ತಿರುಗಿಸಿ, ದಿಕ್ಕು ಮರೆಸಿ, ಮೂರು ಸಲ ಹಿತ್ತಿಲ ಅಡ್ಡಕ್ಕೆ ನಡೆಸಿದೆ. ಮೂರು ಸಲವೂ ತಂತಿಗಳು ಕೂಡಿದವು. ಮೂರು ಸಲವೂ ಬೇರೆ ಬೇರೆ ಕಡೆ. ನಾಣ್ಯದ ಹತ್ತಿರ ಒಂದೂ ಇರಲಿಲ್ಲ.

ಅವರು ಮಫ್ಲರ್ ಬಿಚ್ಚಿ ನೋಡಿದರು. ಮುಖದಲ್ಲಿ ನಾಚಿಕೆಯಿರಲಿಲ್ಲ. “ನನ್ನಪ್ಪ ಹೀಗೆ ನಡೆಯುತ್ತಿದ್ದ. ಜಾಗ ಆರಿಸುವ ಮುಂಚೆ ಅದರ ಮೇಲೆ ಒಂದು ದಿನವಾದರೂ ನಡೆಯಬೇಕು ಅನ್ನುತ್ತಿದ್ದ. ತಂತಿ ಸುಳ್ಳಾದರೆ ಆಗಲಿ. ನಡೆಯುವುದನ್ನು ನಾನು ಬಿಡುವುದಿಲ್ಲ” ಎಂದರು.

ಹೂವಿಗೂ ಹುಳಕ್ಕೂ ನಡುವೆ

ನಾವಿಬ್ಬರೂ ಪೆಟ್ಟಿಗೆಯ ಪಕ್ಕ ಕೂತೆವು. ಸಂಜೆಯ ಬಿಸಿಲು ಅಡ್ಡ ಬಿದ್ದಿತ್ತು. ಅಂಥ ಬೆಳಕಿನಲ್ಲಿ ಹುಳಗಳ ದಾರಿ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯ ಬಾಯಿಂದ ಎದ್ದು, ಸೇಬಿನ ಗಿಡದ ಎತ್ತರ ದಾಟಿ, ಬ್ಲ್ಯಾಕ್‌ಥಾರ್ನ್ ಬೇಲಿಯ ಒಂದು ತಗ್ಗಿನ ಮೂಲಕ ಹೊಳೆಯುವ ಚುಕ್ಕೆಗಳ ಒಂದು ಹಗ್ಗ ನದಿಯ ಕಡೆಗೆ ಚಾಚಿತ್ತು. ಇನ್ನೊಂದು ಎಳೆ ಊರಿನ ಕಡೆಗೆ.

ಈ ಹಗ್ಗವನ್ನು ಹೊಸೆಯುವುದು ಗೂಡಿನೊಳಗಿನ ಕುಣಿತ. ಅದನ್ನು ಓದಿ ತಿಳಿಸಿದ್ದಕ್ಕೆ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಪಡೆದರು. ಹೂವು ಕಂಡು ಬಂದ ಹುಳ ಕತ್ತಲ ಎರಿಯ ಮೇಲೆ ಹೊಟ್ಟೆ ಅಲುಗಿಸುತ್ತ ಒಂದು ಗೆರೆ ನಡೆಯುತ್ತದೆ. ಎರಿಯ ಮೇಲ್ಮುಖವೇ ಸೂರ್ಯ ಎಂದು ಲೆಕ್ಕ. ಗೆರೆ ಅದರಿಂದ ಎಷ್ಟು ವಾಲಿದೆಯೋ ಸೂರ್ಯನಿಂದ ಅಷ್ಟು ವಾಲಿ ಹಾರಬೇಕು. ಅಲುಗಾಟ ಸುಮಾರು ಒಂದು ಸೆಕೆಂಡು ನಡೆದರೆ ಒಂದು ಕಿಲೋಮೀಟರಿನ ಆಸುಪಾಸು ದೂರ. ಮೋಡದ ಸಂದಿನಲ್ಲಿ ಅಂಗೈಯಗಲ ನೀಲಿ ಕಂಡರೂ ಸಾಕು, ಅಲ್ಲಿನ ಬೆಳಕಿನ ಓರೆಯಿಂದ ಕಾಣದ ಸೂರ್ಯ ಎಲ್ಲಿದ್ದಾನೆಂದು ಹುಳ ತಿಳಿಯುತ್ತದೆ. ಐರ್ಲೆಂಡಿನ ಆಕಾಶಕ್ಕೆ ಇದಕ್ಕಿಂತ ಬೇಕಾದ ವಿದ್ಯೆ ಇನ್ನೊಂದಿಲ್ಲ.

ನನ್ನನ್ನು ಕುರ್ಚಿಯ ತುದಿಗೆ ತಂದು ಕೂರಿಸಿದ್ದು ಇನ್ನೊಂದು ಸಂಗತಿ. ಹಾರುವ ಹುಳದ ಮೈಗೆ ಗಾಳಿ ತಿಕ್ಕಿ ಧನ ವಿದ್ಯುದಂಶ ಹತ್ತುತ್ತದೆ. ನೆಲಕ್ಕೆ ಬೇರುಬಿಟ್ಟ ಹೂವಿನಲ್ಲಿ ಋಣದ ಅಂಶ ಹೆಚ್ಚು. ಹುಳ ಹತ್ತಿರ ಬಂದಾಗ ಪರಾಗದ ಕಣ ಗಾಳಿಯಲ್ಲಿ ಜಿಗಿದು ಅದರ ರೋಮಕ್ಕೆ ಅಂಟಬಲ್ಲದು.

2013ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಡೇನಿಯಲ್ ರಾಬರ್ಟ್ ಮತ್ತು ಸಂಗಡಿಗರು ಬಂಬಲ್‌ಬೀ ದುಂಬಿಗಳು ಹೂವಿನ ಸುತ್ತಣ ಈ ವಿದ್ಯುತ್ ಕ್ಷೇತ್ರವನ್ನು ಗುರುತಿಸುತ್ತವೆ, ಅದರಿಂದ ಹೂವು ಹೂವಿಗೆ ಭೇದ ಕಾಣುತ್ತವೆ ಎಂದು ತೋರಿಸಿದರು. ದುಂಬಿ ಕೂತು ಹೋದ ಮೇಲೆ ಹೂವಿನ ಅಂಶ ಸ್ವಲ್ಪ ಹೊತ್ತು ಬದಲಾಗಿರುತ್ತದೆ. ಮುಂದೆ ಬಂದವಳಿಗೆ ಅದು ‘ಈಗಷ್ಟೇ ಯಾರೋ ಉಂಡು ಹೋದರು’ ಎಂಬ ಸುದ್ದಿಯಾಗಬಹುದು. ಮೂರು ವರ್ಷದ ಬಳಿಕ, ದುಂಬಿಯ ಮೈಮೇಲಿನ ರೋಮಗಳೇ ಈ ಕ್ಷೇತ್ರಕ್ಕೆ ಬಾಗುತ್ತವೆ ಎಂದೂ ಅದೇ ತಂಡ ಕಂಡಿತು. 2022ರಲ್ಲಿ ಜೇನಿನ ಹಿಂಡಿನ ಕೆಳಗೆ ಅಳತೆ ಹಿಡಿದಾಗ ಮೀಟರಿಗೆ 100ರಿಂದ 1,000 ವೋಲ್ಟ್‌ವರೆಗಿನ ಕ್ಷೇತ್ರ ಸಿಕ್ಕಿತು. ಜೇನಿನ ಹೊಟ್ಟೆಯಲ್ಲಿ ಅಯಸ್ಕಾಂತದ ಗುಣವಿರುವ ಕಣಗಳಿವೆ ಎಂದು 1978ರಲ್ಲೇ ಬರೆದಿದ್ದರು.

ತೋಟದಲ್ಲಿ ಕಾಣದ ಶಕ್ತಿಯಿದೆ ಎಂದು ಹಿರಿಯರು ಹೇಳಿದ್ದು ಹಾಗಾದರೆ ನಿಜವೇ. ಅದನ್ನು ಓದಲು ಹುಟ್ಟಿದ ಮೈ ನಮ್ಮದಲ್ಲ ಅಷ್ಟೆ. ಈ ಮಾತನ್ನು ನಾನು ಅವರಿಗೆ ಹೇಳಿದಾಗ ಅವರು ಹೂಂಗುಟ್ಟಿ, ಬ್ಲ್ಯಾಕ್‌ಥಾರ್ನ್‌ನ ಒಂದು ಹೂವಿನ ಹತ್ತಿರ ಬೆರಳು ತಂದು ತುಂಬ ಹೊತ್ತು ಹಿಡಿದರು.

ಮೂರನೆಯ ಪೆಟ್ಟಿಗೆ ಕೊನೆಗೆ ಕೂತದ್ದು ಹೇಝಲ್ ಪೊದೆಯ ಮುಂದೆ, ಬಾಯಿ ಆಗ್ನೇಯಕ್ಕೆ ಮಾಡಿ. ಬೆಳಗಿನ ಮೊದಲ ಬಿಸಿಲು ಬೀಳುವುದು ಅಲ್ಲಿ. ಪಶ್ಚಿಮದ ಗಾಳಿಯನ್ನು ಪೊದೆ ತಡೆಯುತ್ತದೆ, ನೆಲವೂ ಒಣಗಿದೆ. ಇಷ್ಟೂ ಅವರಿಗೆ ಹಿತ್ತಿಲಲ್ಲಿ ನಲವತ್ತು ವರ್ಷ ನಡೆದು ಗೊತ್ತಿದ್ದದ್ದೇ. ಹಿಂದಿನ ದಿನ ಕಣ್ಣು ಬಿಟ್ಟು ನಡೆದಾಗ ತಂತಿಗಳು ಕೊನೆಯ ಗೂಟಕ್ಕೆ ಕೂಡಿದ್ದೂ ಅಲ್ಲೇ.

ಆ ಭಾನುವಾರ ಅಪ್ಪನಿಗೆ ವೀಡಿಯೋ ಕರೆ ಮಾಡಿ ಪೆಟ್ಟಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಹೂವು ಕೇಳಲಿಲ್ಲ, ತುಪ್ಪ ಎಷ್ಟು ಬರುತ್ತೆ ಎಂದೂ ಕೇಳಲಿಲ್ಲ.

“ಆ ಹುಳ ನೀರಿಗೆ ಎಲ್ಲಿಗೆ ಹೋಗ್ತವಪ್ಪಾ?”

ನನಗೆ ಗೊತ್ತಿರಲಿಲ್ಲ. ಹಿರಿಯರಿಗೂ ಗೊತ್ತಿರಲಿಲ್ಲ. ಅವರು ಇಟ್ಟ ನೀರಿನ ತಟ್ಟೆಯಲ್ಲಿ ಒಂದು ಹುಳವೂ ಕೂತದ್ದನ್ನು ನಾವು ಕಂಡಿರಲಿಲ್ಲ. ಮರಿಗಳಿಗೆ ಉಣಿಸಲು, ಗಟ್ಟಿಯಾದ ಹಳೇ ತುಪ್ಪ ಕರಗಿಸಲು ವಸಂತದಲ್ಲಿ ಗೂಡಿಗೆ ನೀರು ಬೇಕೇ ಬೇಕು.

ಮರುದಿನ ಬೆಳಗ್ಗೆ ಬಿಸಿಲು ಬಿದ್ದ ಮೇಲೆ ನಾವಿಬ್ಬರೂ ಬೇಲಿಯ ತಗ್ಗಿನ ಹತ್ತಿರ ನಿಂತೆವು. ಹಗ್ಗದ ನದಿಯ ಕಡೆಯ ಎಳೆಯನ್ನು ಕಣ್ಣಲ್ಲೇ ಹಿಡಿದು ಸ್ವಲ್ಪ ನಡೆದೆವು, ನಿಂತೆವು, ತಲೆಯ ಮೇಲೆ ಹೊಳೆದ ಚುಕ್ಕೆ ನೋಡಿ ಮತ್ತೆ ನಡೆದೆವು. ಉದ್ಯಾನದ ಗೇಟು ದಾಟಿದೆವು. ವಿಲ್ಲೋ ಸಾಲು ದಾಟಿದೆವು. ಮದ್ದಿನ ಗಿರಣಿಯ ಹಳೇ ಕಾಲುವೆಯ ಪಕ್ಕ ಒಂದು ಗೋಡೆ ಅರ್ಧ ಕುಸಿದಿದೆ. ಅದರ ಕಲ್ಲಿನ ಸಂದಿನಿಂದ ನೀರು ಜಿನುಗಿ, ದಪ್ಪ ಹಸಿರು ಪಾಚಿ ಒದ್ದೆಯಾಗಿ, ಬಿಸಿಲಿಗೆ ಬೆಚ್ಚಗೆ ನಿಂತಿತ್ತು.

ಆ ಪಾಚಿಯ ಮೇಲೆ ಸಾಲಾಗಿ ಕೂತು ಅವು ನೀರು ಹೀರುತ್ತಿದ್ದವು. ಹಿರಿಯರು ಮೊಣಕಾಲೂರಿ ಎಣಿಸಿದರು. ಹತ್ತೊಂಬತ್ತಿದ್ದವು. ನಾನು ಫೋನು ತೆಗೆದು, ಅಪ್ಪನಿಗೆ ಕಾಣುವ ಹಾಗೆ ಹತ್ತಿರ ಹಿಡಿದೆ.